ಹದಿನೈದು ದಿನಕ್ಕೆ ಅರ್ಧ ಲೀಟರ್: ಕಾದ ಎಂಜಿನ್, ಕಾಣೆಯಾದ ಕೂಲಂಟ್

ಚಾರ್ಮಾಡಿ ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ದಾಟಿ ಎರಡು ತಿರುವು ಹತ್ತುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಾಗ ಬರುವಂಥ ಹಬೆ. ಒಂಬತ್ತು ವರ್ಷ ಹಳೆಯ ಕಾರು, 1.2 ಲೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಓಡಿದ್ದು 1,08,000 ಕಿಲೋಮೀಟರ್. ಅದಕ್ಕೆ ಮೊದಲು ನಾಲ್ಕು ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್ ಕೂಲಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ಎಲ್ಲಿಗೋ ಹೋಗುತ್ತಿತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಕಾಣುತ್ತಿರಲಿಲ್ಲ. ನಾನು ಎಲ್ಲರಂತೆ ನಲ್ಲಿ ನೀರು ಹಾಕಿ ಬಾನೆಟ್ ಮುಚ್ಚುತ್ತಿದ್ದೆ.

ಘಾಟಿಯಿಂದ ಇಳಿದ ಮೇಲೆ ಒಂದು ಗ್ಯಾರೇಜಿನವರು ಕಥೆ ಕೇಳಿದ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಬಿಚ್ಚಬೇಕು." ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಅದರ ಕೆಳಗಿನ ಭಾಗಕ್ಕೂ ನಡುವೆ ಕೂರುವ ತೆಳು ಹಾಳೆ ಈ ಗ್ಯಾಸ್ಕೆಟ್. ಅಂದಾಜು 28,000 ರೂಪಾಯಿ. ಇನ್ನೊಂದು ಕಡೆ "ಥರ್ಮೋಸ್ಟಾಟ್ ಕಿತ್ತು ಬಿಸಾಡಿಬಿಡೋಣ, ತಣ್ಣಗಿರುತ್ತದೆ" ಎಂದರು. ಶಾಖಕ್ಕೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ಕವಾಟ ಅದು. ಕೂಲಂಟ್ ಎಲ್ಲಿಗೆ ಹೋಗುತ್ತಿದೆ ಎಂದು ಇಬ್ಬರೂ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಬಿಡಿಭಾಗವನ್ನೂ ಬದಲಿಸಬಾರದು ಎಂದು ಹಟ ಹಿಡಿದೆ. ಆ ಹಟದಲ್ಲಿ ಮಾಡಿದ ಪರೀಕ್ಷೆಗಳನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಯುವುದೋ, ಮೊದಲು ಸೋರುವುದೋ

ದೂರು ಎರಡು: ಎಂಜಿನ್ ಕಾಯುತ್ತಿದೆ, ಕೂಲಂಟ್ ಕಡಿಮೆಯಾಗುತ್ತಿದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಫ್ಯಾನ್ ತಿರುಗದೆ ಎಂಜಿನ್ ಕಾದರೆ ಕೂಲಂಟ್ ಕುದಿದು ಉಕ್ಕಿ ಹೊರಬೀಳುತ್ತದೆ. ಕೂಲಂಟ್ ಸೋರಿ ಖಾಲಿಯಾದರೂ ಎಂಜಿನ್ ಕಾಯುತ್ತದೆ. ಕೊನೆಯಲ್ಲಿ ಕಾಣುವ ದೃಶ್ಯ ಎರಡರಲ್ಲೂ ಒಂದೇ, ಹಾದಿ ಬೇರೆ.

ಬೇರ್ಪಡಿಸುವ ಉಪಾಯ ಸುಲಭ. ಕಾರು ಒಮ್ಮೆಯೂ ಕಾಯದೆ ಓಡಿದ ವಾರಗಳಲ್ಲೂ ಮಟ್ಟ ಇಳಿಯುತ್ತಿದ್ದರೆ ಮೊದಲು ಆಗುತ್ತಿರುವುದು ಸೋರಿಕೆ. ಮಟ್ಟ ಅಲುಗಾಡದೆ ನಿಂತಿದ್ದು, ಒಂದು ದಿನ ಕಾದ ಮೇಲಷ್ಟೇ ದಿಢೀರನೆ ಇಳಿದಿದ್ದರೆ ಮೊದಲು ಆಗುತ್ತಿರುವುದು ಶಾಖ. ನನ್ನದು ಮೊದಲನೆಯ ಜಾತಿ. ಆದರೆ ಘಾಟಿಯಲ್ಲಿ ಕುದಿದದ್ದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತ್ತು. ಅದು ಮುಂದೆ ಬರುತ್ತದೆ.

ತಾಪಮಾನದ ಮುಳ್ಳನ್ನು ಪೂರ್ತಿ ನಂಬಬೇಡಿ. ಅನೇಕ ಕಾರುಗಳಲ್ಲಿ ಎಂಜಿನ್ 80 ಡಿಗ್ರಿಯಲ್ಲಿರಲಿ, 100 ಡಿಗ್ರಿಯಲ್ಲಿರಲಿ, ಮುಳ್ಳು ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಈಗಿನ ಸಣ್ಣ ಕಾರುಗಳಲ್ಲಿ ಹಲವಕ್ಕೆ ಮುಳ್ಳೂ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ, ನಡುವೆ ಮೌನ. ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ: ಕೂಲಂಟ್ ತೀರಾ ಇಳಿದು ಸೆನ್ಸರ್ ಬರಿಯ ಗಾಳಿಯಲ್ಲಿ ನಿಂತರೆ ಅದು ನಿಜಕ್ಕಿಂತ ಕಡಿಮೆ ಶಾಖ ತೋರಿಸಬಹುದು. ಸ್ಟಿಯರಿಂಗ್ ಕೆಳಗಿನ ಓಬಿಡಿ ಕಿಂಡಿಗೆ (ಎಂಜಿನ್ನಿನ ಕಂಪ್ಯೂಟರಿನ ಮಾಹಿತಿ ಕೊಡುವ ಸಾಕೆಟ್) ಸಿಕ್ಕಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಕೊಂಡುಕೊಂಡರೆ ಮೊಬೈಲಿನಲ್ಲೇ ಡಿಗ್ರಿ ಲೆಕ್ಕ ಕಾಣುತ್ತದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತ್ಯಂತ ಬುದ್ಧಿವಂತ ಖರ್ಚು ಅದು.

ಕಾದಾಗ ರಸ್ತೆಯ ಮೇಲೆ

ಎ.ಸಿ. ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿಡಿ, ಕಿಟಕಿ ಇಳಿಸಿ. ಹೀಟರ್ ಎಂದರೆ ಕಾರಿನೊಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್ (ಕೂಲಂಟಿನ ಶಾಖವನ್ನು ಗಾಳಿಗೆ ಬಿಡುವ ಜಾಲರಿ). ಒಂದಿಷ್ಟು ಶಾಖವನ್ನು ಅದು ಎಳೆದುಕೊಳ್ಳುತ್ತದೆ. ಅಲ್ಲಿಂದ ಬರುವ ಗಾಳಿ ಬಿಸಿಯಾಗಿರಬೇಕು. ಎಂಜಿನ್ ಕೆಂಡದಂತಿದ್ದು ಹೀಟರ್ ಗಾಳಿ ಮಾತ್ರ ತಣ್ಣಗೆ ಬಂದರೆ ಕೂಲಂಟ್ ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ. ಒಂದೋ ಖಾಲಿಯಾಗಿದೆ, ಇಲ್ಲವೇ ಏರ್ ಲಾಕ್ ಆಗಿದೆ, ಅಂದರೆ ಗಾಳಿ ಸಿಕ್ಕಿಬಿದ್ದು ದಾರಿ ಕಟ್ಟಿದೆ. ಹಬೆ ಕಂಡರೆ ಅಥವಾ ಕೆಂಪು ದೀಪ ಹೊತ್ತಿದರೆ ಮೊದಲ ಅಗಲ ಜಾಗದಲ್ಲೇ ನಿಲ್ಲಿಸಿ ಎಂಜಿನ್ ಆರಿಸಿ. "ಮೇಲೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸೋಣ, ಹೇಗೂ ನೀರುದೋಸೆ ತಿನ್ನಬೇಕು" ಎಂದು ಹಿಂದಿನ ಸೀಟಿನಿಂದ ಬರುವ ಸಲಹೆಗೆ ಕಿವಿಗೊಡಬೇಡಿ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಲು ಅಷ್ಟು ದೂರ ಬೇಕಾದಷ್ಟಾಯಿತು.

ರೇಡಿಯೇಟರಿನ ಮುಚ್ಚಳ ತೆರೆಯುವ ಮೊದಲು ಕನಿಷ್ಠ ಮುಕ್ಕಾಲು ಗಂಟೆ ಕಾಯಬೇಕು. ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಬಟ್ಟೆಯ ಮೇಲಿಂದ ಒತ್ತಿ ನೋಡಿ; ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇನ್ನೂ ಇದೆ. ಅವಸರದಲ್ಲಿ ತೆರೆದವರ ಮುಖಕ್ಕೂ ಕೈಗೂ ಆದ ಗಾಯಗಳನ್ನು ನಾನು ನೋಡಿದ್ದೇನೆ. ಕಾದ ಎಂಜಿನ್ನಿಗೆ ಬಾಟಲಿಯ ತಣ್ಣೀರು ಸುರಿಯುವುದೂ ಅಷ್ಟೇ ಅಪಾಯ; ಈ ಸಲ ಗಾಯವಾಗುವುದು ಹೆಡ್ಡಿಗೆ.

ಗೆರೆ ಎಳೆಯಿರಿ, ಬರೆದಿಡಿ

ಕೂಲಂಟ್ ಬಿಸಿಯಾದಾಗ ಹಿಗ್ಗುತ್ತದೆ. ಸಂಜೆ ನೋಡಿದ ಮಟ್ಟಕ್ಕೂ ಬೆಳಿಗ್ಗೆ ನೋಡಿದ ಮಟ್ಟಕ್ಕೂ ಹೋಲಿಕೆ ಸಲ್ಲದು. ಬೆಳಿಗ್ಗೆ ಎಂಜಿನ್ ಶುರು ಮಾಡುವ ಮೊದಲು, ದಿನವೂ ಅದೇ ಸಮತಟ್ಟಾದ ಜಾಗದಲ್ಲಿ, ಕೂಲಂಟ್ ಡಬ್ಬಿಯ ಮೇಲೆ ಉಗುರುಬಣ್ಣದಿಂದ ಗೆರೆ ಎಳೆದು, ಪಕ್ಕದಲ್ಲಿ ಮೀಟರಿನ ಕಿಲೋಮೀಟರ್ ಬರೆದುಕೊಳ್ಳಿ. ನಾನು ಹತ್ತು ದಿನ ಹೀಗೆ ಮಾಡಿದೆ. ಊರೊಳಗೆ ಓಡಾಡಿದ ದಿನ ಗೆರೆ ಹೆಚ್ಚುಕಡಿಮೆ ಅಲ್ಲೇ ಇರುತ್ತಿತ್ತು. ಒಂದೇ ಸಮನೆ ಒಂದು ಗಂಟೆ ಓಡಿಸಿದ ಮರುದಿನ ಇಳಿಯುತ್ತಿತ್ತು. ಒತ್ತಡ ಏರಿದಾಗಲಷ್ಟೇ ಬಾಯಿ ಬಿಡುವ ಸೋರಿಕೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಆ ಉಗುರುಬಣ್ಣದಿಂದ.

ಜೊತೆಗೆ ಒಂದು ಎಚ್ಚರಿಕೆ. ರೇಡಿಯೇಟರಿನ ಮೇಲೆಯೇ ಮುಚ್ಚಳವಿರುವ ಕಾರುಗಳಲ್ಲಿ ಪಕ್ಕದ ಡಬ್ಬಿ ಬರೀ ಉಗ್ರಾಣ. ಅದು ತುಂಬಿದ್ದರೂ ರೇಡಿಯೇಟರ್ ಅರ್ಧ ಖಾಲಿಯಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆರೆದು ಒಳಗೇ ನೋಡಬೇಕು. ಕೂಲಂಟ್ ಬಾಯಿಯ ತನಕ ಇರಬೇಕು. ರೇಡಿಯೇಟರಿನಲ್ಲಿ ಮುಚ್ಚಳವೇ ಇಲ್ಲದೆ ಡಬ್ಬಿಗೇ ತಿರುಪಿನ ಮುಚ್ಚಳವಿರುವ ಕಾರುಗಳಲ್ಲಿ ಡಬ್ಬಿಯೂ ಒತ್ತಡದಲ್ಲಿರುತ್ತದೆ. ಅಲ್ಲಿ ಡಬ್ಬಿಯ ಮಟ್ಟವೇ ನಿಜವಾದ ಮಟ್ಟ.

ಮುಚ್ಚಳವೆಂಬ ಉಪೇಕ್ಷಿತ

ಪ್ರೆಷರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ರೇಡಿಯೇಟರ್ ಮುಚ್ಚಳ ಮಾಡುತ್ತದೆ. ಬೆಂಗಳೂರಿನ ಎತ್ತರದಲ್ಲಿ ಬರಿಯ ನೀರು 97 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಎಂಜಿನ್ ಸಹಜವಾಗಿ ಓಡುವುದೇ 90ರಿಂದ 100ರ ನಡುವೆ. ಒತ್ತಡವಿಲ್ಲದಿದ್ದರೆ ದಿನವೂ ಕುದಿಯುತ್ತಿತ್ತು. ಅರ್ಧ ಕೂಲಂಟ್, ಅರ್ಧ ಶುದ್ಧ ನೀರು ಬೆರೆತು, ಮುಚ್ಚಳ 0.9 ಬಾರ್ ಒತ್ತಡ ಹಿಡಿದಿಟ್ಟರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದೋ, 88 ಅಥವಾ 108 ಎಂದೋ ಅಚ್ಚಾಗಿರುತ್ತದೆ. ಮೊದಲ ಜೋಡಿ ಬಾರ್ ಲೆಕ್ಕಕ್ಕೆ ಹತ್ತಿರದ್ದು, ಎರಡನೆಯದು ಕಿಲೋಪಾಸ್ಕಲ್.

ಮುಚ್ಚಳದಲ್ಲಿ ಎರಡು ಕವಾಟಗಳಿವೆ. ದೊಡ್ಡದು ಒತ್ತಡ ಮಿತಿ ಮೀರಿದಾಗ ಕೂಲಂಟನ್ನು ಡಬ್ಬಿಗೆ ಬಿಡುತ್ತದೆ. ನಡುವಿನ ಬಟನ್ನಿನಷ್ಟು ಚಿಕ್ಕದು, ಎಂಜಿನ್ ತಣ್ಣಗಾದಾಗ ಅದನ್ನು ಡಬ್ಬಿಯಿಂದ ವಾಪಸ್ ಎಳೆದುಕೊಳ್ಳಲು ಬಿಡುತ್ತದೆ. ಚಿಕ್ಕದು ಅಂಟಿಕೊಂಡರೆ ಬೆಳಿಗ್ಗೆ ಮೇಲಿನ ಹೋಸ್ ಪೈಪ್ ಹೀರಿದ ಹಣ್ಣಿನಂತೆ ಚಪ್ಪಟೆಯಾಗಿರುತ್ತದೆ, ಡಬ್ಬಿ ತುಂಬಿ ತುಳುಕುತ್ತಿರುತ್ತದೆ, ರೇಡಿಯೇಟರ್ ಬತ್ತಿರುತ್ತದೆ. ಡಬ್ಬಿಗೆ ಹೋಗುವ ಬೆರಳಿಗಿಂತ ಸಣ್ಣ ಕೊಳವೆ ಸೀಳಿದ್ದರೂ ರೇಡಿಯೇಟರ್ ಬತ್ತುತ್ತದೆ, ಕೂಲಂಟಿನ ಬದಲು ಗಾಳಿ ಎಳೆದುಕೊಳ್ಳುತ್ತದೆ.

ಕಣ್ಣಿನಿಂದ ನೋಡಿ ಮುಚ್ಚಳ ಸರಿಯಿದೆ ಎನ್ನಲಾಗದು. ನನ್ನದರ ರಬ್ಬರ್ ನೋಡಲು ಚೆನ್ನಾಗಿಯೇ ಇತ್ತು. ಒತ್ತಡ ಕೊಟ್ಟು ಅಳೆಯುವ ಪಂಪ್ ಹಾಕಿ ನೋಡಿದರೆ 0.9ರ ಬದಲು 0.5ಕ್ಕೇ ಬಾಯಿ ಬಿಡುತ್ತಿತ್ತು. ಇದಕ್ಕೆ ನನ್ನ ನಲ್ಲಿ ನೀರನ್ನೂ ಸೇರಿಸಿ. ವ್ಯವಸ್ಥೆಯ ಒಟ್ಟು ಹಿಡಿತ ಸುಮಾರು 4 ಲೀಟರ್. ನಾಲ್ಕು ತಿಂಗಳಲ್ಲಿ ನಾನು ಸುರಿದ ನೀರೂ ಸುಮಾರು 4 ಲೀಟರ್. ಸೋರುವುದು, ತುಂಬುವುದು ಹೀಗೇ ನಡೆದರೆ ಮೂಲ ಕೂಲಂಟಿನಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಷ್ಟೇ ಉಳಿದಿರುತ್ತದೆ. ತೆಳುವಾದ ಕೂಲಂಟ್, ಸೋತ ಮುಚ್ಚಳ, ಎರಡನೇ ಗೇರಿನ ಏರು: 110 ಡಿಗ್ರಿಯ ಆಸುಪಾಸಿನಲ್ಲೇ ಕುದಿದು ಉಕ್ಕಿದೆ. ಘಾಟಿಯ ರಹಸ್ಯ ಅಷ್ಟೇ. ಆದರೆ ಹದಿನೈದು ದಿನಕ್ಕೆ ಅರ್ಧ ಲೀಟರ್ ಹೋಗುತ್ತಿದ್ದುದು ಇದರಿಂದ ಬಗೆಹರಿಯಲಿಲ್ಲ.

ಹೊರಗೆ ಸೋರುತ್ತಿದೆಯೇ

ನೆಲದ ಮೇಲೆ ಹನಿ ಇಲ್ಲ ಎಂದ ಮಾತ್ರಕ್ಕೆ ಹೊರಗೆ ಸೋರುತ್ತಿಲ್ಲ ಎಂದಲ್ಲ. ಕಾದ ಲೋಹದ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗಿ ಹೋಗುತ್ತದೆ, ಉಳಿಯುವುದು ಕಲೆ ಮಾತ್ರ. ಹುಡುಕಬೇಕಾದುದು ನೀರನ್ನಲ್ಲ, ಆ ಕಲೆಯನ್ನು: ಬಿಳಿ, ತಿಳಿ ಗುಲಾಬಿ ಅಥವಾ ಹಸಿರು ಬಣ್ಣದ, ಉಪ್ಪು ಒಣಗಿದಂಥ ಪದರ. ರೇಡಿಯೇಟರಿನ ಅಲ್ಯೂಮಿನಿಯಂ ನಡುಭಾಗಕ್ಕೂ ಪ್ಲಾಸ್ಟಿಕ್ ತುದಿಗೂ ಇರುವ ಮಡಿಕೆ, ಹೋಸ್ ಪೈಪಿನ ಕ್ಲಿಪ್ಪುಗಳ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಥರ್ಮೋಸ್ಟಾಟಿನ ಗೂಡು, ಇವಿಷ್ಟನ್ನೂ ಟಾರ್ಚ್ ಮತ್ತು ಕೈಗನ್ನಡಿ ಹಿಡಿದು ನೋಡಬೇಕು. ವಾಟರ್ ಪಂಪಿನ ಆ ತೂತು ತಯಾರಿಕೆಯ ದೋಷವಲ್ಲ. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಬರಲೆಂದೇ ಕೊಟ್ಟದ್ದು. ಅದನ್ನು ಎಂ-ಸೀಲ್ ಹಾಕಿ ಮುಚ್ಚಿದ ಮಹಾನುಭಾವರೂ ಇದ್ದಾರೆ.

ಕಾರಿನ ಒಳಗನ್ನೂ ಮರೆಯಬೇಡಿ. ಹೀಟರಿನ ಪುಟ್ಟ ರೇಡಿಯೇಟರ್ ಸೋರಿದರೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ, ಗಾಜಿನ ಒಳಮೈಗೆ ಜಿಡ್ಡಿನ ಮಂಜು ಹಿಡಿಯುತ್ತದೆ, ಸಿಹಿ ವಾಸನೆ ಬರುತ್ತದೆ. ಎ.ಸಿ. ನೀರಿನ ಕೊಳವೆ ಕಟ್ಟಿಕೊಂಡರೂ ಮ್ಯಾಟ್ ಒದ್ದೆಯಾಗುವುದುಂಟು. ಆ ನೀರು ಬೆರಳಿಗೆ ಜಾರುವುದಿಲ್ಲ, ವಾಸನೆಯೂ ಇಲ್ಲ. ರುಚಿ ನೋಡಲು ಮಾತ್ರ ಹೋಗಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಬೀದಿನಾಯಿ, ಬೆಕ್ಕುಗಳು ಅದನ್ನು ನೆಕ್ಕಿ ಸಾಯುವುದುಂಟು.

ಇಷ್ಟು ನೋಡಿಯೂ ನನಗೆ ಏನೂ ಸಿಗಲಿಲ್ಲ. ಕಡೆಗೆ ಕೈಹಿಡಿದದ್ದು ಒತ್ತಡದ ಪರೀಕ್ಷೆ. ನಮ್ಮ ಊರಿನಲ್ಲಿ ನಲವತ್ತು ವರ್ಷದಿಂದ ರೇಡಿಯೇಟರ್ ಬೆಸುಗೆಯನ್ನೇ ಕಸುಬು ಮಾಡಿಕೊಂಡ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಬಳಿ ಸೈಕಲ್ ಪಂಪಿನಂಥ ಸಾಧನ. ಮುಚ್ಚಳದ ಜಾಗಕ್ಕೆ ಕೂರುತ್ತದೆ, ಮೇಲೊಂದು ಗಡಿಯಾರದಂಥ ಒತ್ತಡಮಾಪಕ. ಎಂಜಿನ್ ತಣ್ಣಗಿರುವಾಗ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು. ಹೆಚ್ಚು ಕೊಟ್ಟರೆ ಇಲ್ಲದ ಸೋರಿಕೆಯನ್ನು ನಾವೇ ಹುಟ್ಟಿಸಿದಂತೆ. 0.9ಕ್ಕೆ ಏರಿಸಿ ಬಿಟ್ಟೆವು. ಚಹಾ ಕುಡಿದು ಬರುವಷ್ಟರಲ್ಲಿ ಮುಳ್ಳು 0.7ಕ್ಕೆ ಇಳಿದಿತ್ತು. "ಹೆಡ್ ಬಿಚ್ಚುವ ಮೊದಲು ಬ್ಯಾಟರಿ ಬಿಚ್ಚಿ ನೋಡೋಣ" ಎಂದರು ಮೇಸ್ತ್ರಿ. ಬ್ಯಾಟರಿಯನ್ನೂ ಅದರ ತಟ್ಟೆಯನ್ನೂ ತೆಗೆದಾಗ, ಗೇರ್‌ಬಾಕ್ಸಿನ ಕಡೆಗೆ ಹೆಡ್ಡಿನ ತುದಿಯಲ್ಲಿದ್ದ ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಗೂಡು ಕಾಣಿಸಿತು. ಅದರ ಅಚ್ಚಿನ ಗೆರೆಯ ಗುಂಟ ಕೂದಲೆಳೆಯಷ್ಟು ಸೀಳು. ಮತ್ತೆ ಒತ್ತಡ ಏರಿಸಿದರೆ ಅಲ್ಲಿ ಸೂಜಿಮೊನೆಯಷ್ಟು ಹನಿ ಮೂಡಿ, ಜಾರಿ, ಗೇರ್‌ಬಾಕ್ಸಿನ ಮೇಲಿನ ಗುಳಿಗೆ ಬೀಳುತ್ತಿತ್ತು. ಆ ಗುಳಿಯ ತುಂಬ ಗುಲಾಬಿ ಪುಡಿ. ನಾಲ್ಕು ತಿಂಗಳ ಕೂಲಂಟಿನ ಲೆಕ್ಕಪುಸ್ತಕ ಅಲ್ಲಿತ್ತು.

ಒಳಗೆ ಹೋಗುತ್ತಿದ್ದರೆ

ಸೀಳು ಸಿಕ್ಕಿದ ಮೇಲೂ ಹೆಡ್ ಗ್ಯಾಸ್ಕೆಟ್ಟಿನ ಅನುಮಾನ ಬಿಡುವಂತಿರಲಿಲ್ಲ. ಒಮ್ಮೆ ಕುದಿದ ಎಂಜಿನ್ನಿನಲ್ಲಿ ಅದೂ ಹೋಗಿರುವ ಸಾಧ್ಯತೆ ಇದ್ದೇ ಇದೆ. ಹೆಡ್ ಬಿಚ್ಚದೆಯೇ ಅದನ್ನು ನೋಡುವ ದಾರಿಗಳಿವೆ.

ಬೆಳಿಗ್ಗೆ ತಣ್ಣನೆಯ ಎಂಜಿನ್ ಶುರು ಮಾಡಿ ಮೇಲಿನ ಹೋಸ್ ಪೈಪಿನ ಮೇಲೆ ಕೈಯಿಡಿ. ಒಂದೆರಡು ನಿಮಿಷದಲ್ಲಿ, ಇನ್ನೂ ಬೆಚ್ಚಗೂ ಆಗುವ ಮೊದಲೇ, ಅದು ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿದೆ. ಮುಚ್ಚಳ ತೆಗೆದು ಶುರು ಮಾಡಿದರೆ ನಿಲ್ಲದ ಗುಳ್ಳೆಗಳಾಗಿ ಕಾಣುತ್ತದೆ. ಹೊಸದಾಗಿ ಕೂಲಂಟ್ ತುಂಬಿದ್ದರೆ ಸಿಕ್ಕಿಬಿದ್ದ ಗಾಳಿಯೂ ಗುಳ್ಳೆಯಾಗಿ ಬರುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಖಚಿತವಾಗಬೇಕಿದ್ದರೆ ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರಿನ ಬಾಯಿಂದ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ, ದಹನದ ಇಂಗಾಲದ ಡೈಆಕ್ಸೈಡ್ ಸೇರಿದ್ದರೆ ಅದು ಹಳದಿಗೆ ತಿರುಗುತ್ತದೆ. ನನ್ನದು ನೀಲಿಯಾಗಿಯೇ ಉಳಿಯಿತು.

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಮೂರು ಕಂದಾಗಿದ್ದು ಒಂದು ಮಾತ್ರ ಹಬೆಯಲ್ಲಿ ತೊಳೆದಂತೆ ಫಳಫಳ ಎಂದರೆ ಕೂಲಂಟ್ ಹೋಗುತ್ತಿರುವುದು ಆ ಸಿಲಿಂಡರಿಗೆ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಅನುಮಾನ ಬಲವಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಅದೂ ಸಾಕ್ಷಿ. ಚಳಿಯ ಬೆಳಗಿನ ಮೊದಲ ಐದು ನಿಮಿಷದ ಹಬೆ ಅಲ್ಲ.

ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದು ಕಂಡ ತಕ್ಷಣ ಗಾಬರಿಯಾಗುವವರೇ ಹೆಚ್ಚು. ಮಳೆಗಾಲದ ಮಲೆನಾಡಿನಲ್ಲಿ ದಿನಕ್ಕೆ ಎರಡು ಕಿಲೋಮೀಟರ್ ಓಡುವ ಕಾರಿನ ಮುಚ್ಚಳದಲ್ಲಿ ಕೆನೆ ಕಟ್ಟುವುದು ಸಹಜ. ಅದು ಗಾಳಿಯ ತೇವ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಬರುವ ಆಯಿಲ್ಲೇ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ ಮಟ್ಟ ಏರಿದ್ದರೆ ಮಾತ್ರ ಎಂಜಿನ್ ಶುರು ಮಾಡಬೇಡಿ, ಟೋ ಮಾಡಿಸಿ. ಹೆಡ್ ಬಿಚ್ಚಲೇಬೇಕಾಗಿ ಬಂದರೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಲು ಬಿಡದೆ, ಲೇತಿನಲ್ಲಿ ಹೆಡ್ಡಿನ ಸಮತಟ್ಟು ನೋಡಿಸಿ. ಅನೇಕ ಸಣ್ಣ ಕಾರುಗಳಿಗೆ ಮಿತಿ 0.05 ಮಿಲಿಮೀಟರಿನ ಆಸುಪಾಸು. ಕಣ್ಣಂದಾಜಿಗೆ ಸಿಗುವ ಅಳತೆಯಲ್ಲ.

ಸೋರಿಕೆಯೇ ಇಲ್ಲದೆ ಕಾದರೆ

ಟ್ರಾಫಿಕ್ಕಿನಲ್ಲಿ ಕಾದು ಹೆದ್ದಾರಿಯಲ್ಲಿ ತಣ್ಣಗಾದರೆ ಫ್ಯಾನ್ ನೋಡಿ. ಎ.ಸಿ. ಹಾಕಿದಾಗ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್ ಈ ಕ್ರಮದಲ್ಲಿ ಹುಡುಕಿ. ಹೆದ್ದಾರಿಯಲ್ಲೂ ಏರಿನಲ್ಲೂ ಮಾತ್ರ ಕಾದರೆ ರೇಡಿಯೇಟರ್ ಕಟ್ಟಿದೆ ಅಥವಾ ಪಂಪ್ ದುರ್ಬಲವಾಗಿದೆ. ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸೇರಿದ ಕೆಸರು, ಹುಳುಗಳೇ ಎಷ್ಟೋ ಸಲ ಅಪರಾಧಿ; ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಎಂಜಿನ್ ಕಾದಿದ್ದರೂ ರೇಡಿಯೇಟರಿನ ಕೆಳಗಿನ ಪೈಪ್ ತಣ್ಣಗೇ ಉಳಿದಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ. ಆಗ ಹೊಸದು ಹಾಕಿಸಿ. ಕಿತ್ತು ಬಿಸಾಡಿದರೆ ಎಂಜಿನ್ ಸರಿಯಾದ ಶಾಖಕ್ಕೇ ಬರದೆ ಪೆಟ್ರೋಲ್ ಕುಡಿಯುತ್ತದೆ.

ಗೂಡು, ಮುಚ್ಚಳ, ಮತ್ತೆ ತುಂಬುವುದು

ಹಳೆಯ ಚಾಲಕರು ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುತ್ತಿದ್ದರು. ಈಗಿನ ಬಾಟಲಿಯ ಲೀಕ್ ನಿಲ್ಲಿಸುವ ದ್ರವಗಳೂ ಅದೇ ವಂಶದವು. ಕಾಡಿನ ನಡುವೆ ಸಿಕ್ಕಿಬಿದ್ದರೆ ಸರಿ. ಊರಿನಲ್ಲಿ ಕುಳಿತು ಹಾಕಿದರೆ ಹೀಟರಿನ ಸಣ್ಣ ನಾಳಗಳೂ ಅದರಿಂದ ಮುಚ್ಚಿಕೊಳ್ಳಬಹುದು. ನಾನು ಗೂಡನ್ನೇ ಬದಲಿಸಿದೆ, ಥರ್ಮೋಸ್ಟಾಟ್ ಸಮೇತ 1,900 ರೂಪಾಯಿ, ಮುಚ್ಚಳಕ್ಕೆ 350.

ಬೋರ್‌ವೆಲ್ ನೀರು ಹಾಕಬೇಡಿ. ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಕೂಲಂಟಿನ ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ ಜಾತಿಯದನ್ನೇ ತನ್ನಿ, ನೀರು ಬೆರೆಸಿಯೇ ಬರುತ್ತದೆಯೇ, ನಾವು ಬೆರೆಸಬೇಕೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ.

ತುಂಬುವಾಗ ಕಾರಿನ ಮೂತಿ ಏರಿನ ಕಡೆಗಿರಲಿ, ಹೀಟರ್ ಪೂರ್ತಿ ಬಿಸಿಯಲ್ಲಿರಲಿ. ಗಾಳಿ ಬಿಡುವ ತಿರುಪು ಇದ್ದರೆ ಅದನ್ನು ಸಡಿಲಿಸಿ. ನಿಧಾನವಾಗಿ ಸುರಿಯುತ್ತ ನಡುನಡುವೆ ಹೋಸ್ ಪೈಪುಗಳನ್ನು ಹಿಂಡಿ. ಎಂಜಿನ್ ಶುರು ಮಾಡಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಬಿಡಿ. ಮರುದಿನ ನನ್ನ ಡಬ್ಬಿಯ ಮಟ್ಟ ಗೆರೆಯಿಂದ ಒಂದು ಬೆರಳು ಕೆಳಗಿತ್ತು, ಎದೆ ಧಸಕ್ಕೆಂದಿತು. ಅದು ಸಿಕ್ಕಿಬಿದ್ದ ಗಾಳಿ ಹೊರಬಂದ ಜಾಗಕ್ಕೆ ಕೂಲಂಟ್ ಇಳಿದದ್ದು. ಒಮ್ಮೆ ತುಂಬಿಸಿದೆ, ಮೂರನೇ ದಿನದಿಂದ ಗೆರೆ ಅಲುಗಲಿಲ್ಲ.

ಎರಡು ವಾರದ ಬಳಿಕ ನಾಲ್ಕು ಜನ ಕೂತು, ಎ.ಸಿ. ಹಾಕಿಕೊಂಡು ಅದೇ ಘಾಟಿ ಹತ್ತಿದೆವು. ಮೊಬೈಲಿನ ಪರದೆಯಲ್ಲಿ 93ರಿಂದ 99. ಒಂದೇ ಒಂದು ತಿರುವಿನಲ್ಲಿ, ಲಾರಿಯ ಹಿಂದೆ ನಿಂತಾಗ, 101.